ಪದಚರ್ಚೆ: ಫೆಸೆಂಟ್ ‘ಗಣತಿ’ ಅನ್ನಬಹುದಾ? ಜೊತೆಗೆ ಕೆಲವು ಹೊಲದ, ಬೇಟೆಯ ಮಾತುಗಳು

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಅಯೋವಾ ರಾಜ್ಯದಲ್ಲಿ ಅಕ್ಟೋಬರ್ ಕೊನೆಯ ಶನಿವಾರ ಫೆಸೆಂಟ್ ಅನ್ನುವ, ಕೋಳಿಯ ಬಳಗದ ಹಕ್ಕಿಯ ಬೇಟೆ ಶುರುವಾಗುತ್ತದೆ. ಜನವರಿ 10ರವರೆಗೆ ನಡೆಯುತ್ತದೆ. ಅದಕ್ಕೆ ಮುಂಚಿನ ವಾರಗಳಲ್ಲಿ ಎಲ್ಲರ ಬಾಯಲ್ಲೂ ಎರಡೇ ಪ್ರಶ್ನೆ: ಈ ಸಲ ಹಕ್ಕಿ ಎಷ್ಟಿವೆ, ಹೊಲಗಳು ಹೇಗಿವೆ? ಇದರ ಬಗ್ಗೆ ಇಲ್ಲಿನ ಕನ್ನಡದವರಿಗಾಗಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಊರಿನಿಂದ ಬಂದು ಮಕ್ಕಳ ಮನೆಯಲ್ಲಿರುವ ಹಿರಿಯರೂ ಓದಬೇಕು ಅನ್ನುವುದು ನನ್ನ ಆಸೆ. ಕೋಳಿ ಸಾಕಿದವರು, ಹೊಲ ಮಾಡಿದವರು ಅವರು. ಸುಮ್ನೆ ಇಂಗ್ಲಿಷ್ ಮಾತನ್ನೇ ಕನ್ನಡ ಲಿಪಿಯಲ್ಲಿ ಬರೆದು ಕೈ ತೊಳೆದುಕೊಳ್ಳಲು ಮನಸ್ಸು ಒಪ್ಪುತ್ತಿಲ್ಲ. ನಿಮ್ಮೆಲ್ಲರ ಸಹಾಯ ಬೇಕು.

ನನ್ನನ್ನು ಜಾಸ್ತಿ ಕಾಡುತ್ತಿರುವ ಪದ ‘ಗಣತಿ’. ಹುಲಿ ಗಣತಿ, ಆನೆ ಗಣತಿ, ಜಾನುವಾರು ಗಣತಿ ಅಂತ ಓದಿ ನಮಗೆ ರೂಢಿಯಾಗಿದೆ. ಹಾಗಾಗಿ ‘ಫೆಸೆಂಟ್ ಗಣತಿ’ ಅಂತ ಬರೆದುಬಿಡುವುದು ಸುಲಭ. ಆದರೆ ಇಲ್ಲಿ ನಡೆಯುವುದು ಗಣತಿ ಅಲ್ಲ. ಅಯೋವಾದ ನೈಸರ್ಗಿಕ ಸಂಪನ್ಮೂಲ ಇಲಾಖೆಯವರು ಪ್ರತಿ ವರ್ಷ ಆಗಸ್ಟ್ ಮೊದಲ ಹದಿನೈದು ದಿನಗಳಲ್ಲಿ, ಗೊತ್ತುಮಾಡಿಕೊಂಡ 200ಕ್ಕೂ ಹೆಚ್ಚು ದಾರಿಗಳಲ್ಲಿ ನಿಧಾನವಾಗಿ ಗಾಡಿ ಓಡಿಸಿಕೊಂಡು ಹೋಗುತ್ತಾರೆ. ಒಂದೊಂದು ದಾರಿ 30 ಮೈಲಿ, ಊರಾಚೆಯ ಜಲ್ಲಿ ರಸ್ತೆ. ಸೂರ್ಯ ಹುಟ್ಟುವ ಹೊತ್ತಿಗೆ ಹೊರಡಬೇಕು. ಗಾಳಿ ಜೋರಾಗಿರಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಇಬ್ಬನಿ ಚೆನ್ನಾಗಿ ಬಿದ್ದಿರಬೇಕು.

ಇಬ್ಬನಿ ಯಾಕೆ ಅಂದರೆ, ರಾತ್ರಿಯೆಲ್ಲ ಹುಲ್ಲಿನೊಳಗಿದ್ದ ಹೇಂಟೆ ಬೆಳಗಾಗುವಾಗ ತೊಯ್ದು ತೊಪ್ಪೆಯಾಗಿರುತ್ತದೆ. ಮರಿಗಳನ್ನು ಹಿಂದೆ ಹಾಕಿಕೊಂಡು ರಸ್ತೆಯ ಅಂಚಿಗೆ ಬರುತ್ತದೆ. ಜಲ್ಲಿಯ ಮೇಲೆ ನಿಂತು ಮೈ ಕೊಡವಿ, ಎಳೆಬಿಸಿಲಿಗೆ ಗರಿ ಒಣಗಿಸಿಕೊಳ್ಳುತ್ತದೆ. ಸುತ್ತ ಒದ್ದೆ ಮರಿಗಳು. ಎಣಿಸಲು ಸಿಗುವುದು ಆ ಹೊತ್ತಿನಲ್ಲಿ ಮಾತ್ರ. ಇಬ್ಬನಿ ಬೀಳದ ಒಣ ಬೆಳಗಿನಲ್ಲೂ ಅವೇ ಹಕ್ಕಿಗಳು ಅಲ್ಲೇ ಇರುತ್ತವೆ. ಆದರೆ ಹುಲ್ಲು ಬಿಟ್ಟು ಹೊರಗೆ ಬರುವುದಿಲ್ಲ, ಕಣ್ಣಿಗೆ ಬೀಳುವುದಿಲ್ಲ.

ಹಾಗಾಗಿ ‘ದಾರಿಗೆ 20 ಹಕ್ಕಿ’ ಅಂದರೆ 30 ಮೈಲಿಯಲ್ಲಿ ಕಂಡದ್ದು 20 ಅಂತ ಅರ್ಥ. ಇರುವುದು ಎಷ್ಟು ಅಂತ ಅಲ್ಲ. ಒಂದು ವರ್ಷದ್ದನ್ನು ಇನ್ನೊಂದು ವರ್ಷದ್ದರ ಪಕ್ಕ ಇಟ್ಟು, ಏರಿದೆಯಾ ಇಳಿದಿದೆಯಾ ಅಂತ ನೋಡುವುದಕ್ಕೆ ಆ ಲೆಕ್ಕ. ಬರ ಬಿದ್ದ ಆಗಸ್ಟ್‌ನಲ್ಲಿ ಎಣಿಕೆ ತಗ್ಗಿದರೆ ಹಕ್ಕಿಯೇ ತಗ್ಗಿವೆ ಅಂತ ಹೇಳಲಾಗದು. ‘ಗಣತಿ’ ಅಂದ ಕೂಡಲೇ ಓದುವವರು ತಲೆ ತಲೆ ಎಣಿಸಿದ್ದಾರೆ ಅಂದುಕೊಳ್ಳುತ್ತಾರೆ. ‘ರಸ್ತೆಬದಿ ಎಣಿಕೆ’ ಅನ್ನುವುದು ವಾಸಿ ಅಂತ ನನ್ನ ಅಭಿಪ್ರಾಯ. ‘ಸಮೀಕ್ಷೆ’ಯೂ ನಡೆದೀತು, ಬೆಳೆ ಸಮೀಕ್ಷೆ ಈಗ ಎಲ್ಲ ರೈತರಿಗೂ ಗೊತ್ತಿರುವ ಮಾತು. ಆದರೆ ಬಂದ ಅಂಕಿಗೆ ಏನನ್ನಬೇಕು? ‘ಸೂಚ್ಯಂಕ’ ಅಂದರೆ ಷೇರುಪೇಟೆಯ ನೆನಪು. ‘ಕಂಡ ಲೆಕ್ಕ’ ಅಂದರೆ ಹೇಗೆ? ಹಳೆಯ ಕಂದಾಯದ ಕಡತಗಳಲ್ಲಿ ಇಂಥ ಅಂದಾಜಿಗೆ ಏನಾದರೂ ಮಾತು ಇದ್ದರೆ, ಬಲ್ಲವರು ದಯವಿಟ್ಟು ತಿಳಿಸಿ. ಬೆಳೆ ಎಷ್ಟು ಬಂದೀತು ಅಂತ ಆಣೆ ಲೆಕ್ಕದಲ್ಲಿ ಅಂದಾಜು ಮಾಡುವ ‘ಆಣೆವಾರಿ’ ನೆನಪಿಗೆ ಬಂತು. ಆದರೆ ಅದು ಬೆಳೆಗೇ ಕಟ್ಟುಬಿದ್ದ ಮಾತು, ಅಲ್ವಾ?

ಇನ್ನು ಮರಿಗಳ ವಿಚಾರ. ಫೆಸೆಂಟ್‌ಗೆ ಆಯಸ್ಸು ಕಡಿಮೆ. ಅಕ್ಟೋಬರಿನಲ್ಲಿ ಹೊಲದಲ್ಲಿ ಸಿಗುವ ಹಕ್ಕಿಗಳಲ್ಲಿ ಹೆಚ್ಚಿನವು ಅದೇ ಬೇಸಿಗೆಯಲ್ಲಿ ಮೊಟ್ಟೆಯೊಡೆದು ಬಂದವು. ಅದಕ್ಕೇ ಎಣಿಸುವವರು ಹುಂಜ, ಹೇಂಟೆಗಳ ಜೊತೆಗೆ ಒಂದೊಂದು ಹೇಂಟೆಯ ಹಿಂದೆ ಎಷ್ಟು ಮರಿ ಅಂತ ಬರೆದುಕೊಳ್ಳುತ್ತಾರೆ. ಒಂದು ತಾಯಿಯ ಮರಿಗಳ ಆ ಗುಂಪಿಗೆ ‘ಹಿಂಡು’ ಒಗ್ಗುತ್ತಿಲ್ಲ. ಹಿಂಡಿನಲ್ಲಿ ಹಲವು ತಾಯಂದಿರ ಮರಿಗಳು ಸೇರಿರಬಹುದು. ನಮ್ಮ ತುಮಕೂರು ಕಡೆ ನಾಟಿ ಕೋಳಿ ಸಾಕುವವರು ‘ಒಂದು ಕಾವಿಗೆ ಎಷ್ಟು ಮರಿ ಆದ್ವು?’ ಅಂತ ಕೇಳುತ್ತಾರೆ. ಅದನ್ನೇ ಹಿಡಿದು ‘ಒಂದು ಕಾವಿನ ಮರಿಗಳು’, ‘ಕಾವಿಗೆ ಇಷ್ಟು ಮರಿ’ ಅಂತ ಬರೆದಿದ್ದೇನೆ.

ಒಂದು ತೊಡಕಿದೆ. ಹೇಂಟೆ ಸಾಮಾನ್ಯವಾಗಿ ಹತ್ತು ಹನ್ನೆರಡು ಮೊಟ್ಟೆ ಇಟ್ಟು 23ರಿಂದ 25 ದಿನ ಕಾವು ಕೂರುತ್ತದೆ. ಮಳೆಗೋ ನರಿಗೋ ಗೂಡು ಹಾಳಾದರೆ ಇನ್ನೊಂದು ಕಡೆ ಮತ್ತೆ ಮೊಟ್ಟೆ ಇಡುತ್ತದೆ. ಆದರೆ ವರ್ಷಕ್ಕೆ ಮರಿ ಎಬ್ಬಿಸುವುದು ಒಂದೇ ಸಲ. ಕೂತದ್ದೂ ಕಾವು, ಮರಿಯಾದದ್ದೂ ಕಾವು ಅಂದರೆ ‘ವರ್ಷಕ್ಕೆ ಒಂದೇ ಕಾವು’ ಅನ್ನುವ ಸಾಲು ಓದುವವರಿಗೆ ತಪ್ಪು ತಿಳಿಸುತ್ತದೆ. ಬೇರೆ ಜಿಲ್ಲೆಗಳಲ್ಲಿ, ಅದರಲ್ಲೂ ಉತ್ತರ ಕರ್ನಾಟಕದಲ್ಲಿ, ಇದಕ್ಕೆ ಬೇರೆ ಮಾತು ಇರಲೇಬೇಕು. ಗೊತ್ತಿದ್ದವರು ಹೇಳಿ.

ಹಕ್ಕಿಯ ಹೆಸರಿಗೆ ಬಂದರೆ, ಕೆಲವು ಗೆಳೆಯರು ‘ಕಾಡುಕೋಳಿ’ ಅಂತ ಬರೆಯಲು ಹೇಳಿದರು. ನಾನು ಒಪ್ಪುವುದಿಲ್ಲ. ನಮ್ಮ ಕಾಡುಕೋಳಿ ಪಶ್ಚಿಮಘಟ್ಟದ ಕಾಡಿನದು. ಇದು ಬಯಲಿನ, ಬೇಸಾಯದ ನೆಲದ ಹಕ್ಕಿ. ಮೆಕ್ಕೆಜೋಳದ ಹೊಲ, ಅದರ ಪಕ್ಕದ ಹುಲ್ಲು, ರಸ್ತೆಯ ಚರಂಡಿಯ ಇಳಿಜಾರು, ಇವೇ ಅದರ ಮನೆ. ನವಿಲು, ಕಾಡುಕೋಳಿ, ಫೆಸೆಂಟ್ ಎಲ್ಲ ಒಂದೇ ಕುಟುಂಬದವು ನಿಜ. ಆದರೂ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಅಂದರೆ ಅಪರಾಧ ಅಂತಲೇ ತಿಳಿದು ಬೆಳೆದವರು ನಾವು. ‘ದಿನಕ್ಕೆ ಮೂರು ಕಾಡುಕೋಳಿ ಹೊಡೆಯಬಹುದು’ ಅಂತ ಓದಿದರೆ ಎದೆ ಧಸಕ್ಕನ್ನುತ್ತದೆ. ‘ಕೆಂಬೂತ’ ಅಂತೂ ಬೇಡವೇ ಬೇಡ. ಕೆಂಬೂತಕ್ಕೆ ಇಂಗ್ಲಿಷಿನವರು ಹಿಂದೆ ‘ಕ್ರೋ ಫೆಸೆಂಟ್’ ಅನ್ನುತ್ತಿದ್ದರು, ಗೊಂದಲ ಅಲ್ಲಿಂದ. ಅದು ಕೋಗಿಲೆಯ ಬಳಗದ ಹಕ್ಕಿ.

‘ಫೆಸೆಂಟ್’ ಅಂತಲೇ ಇರಲಿ. ಈಗಿನ ಜಾರ್ಜಿಯಾ ದೇಶದ ರಿಯೋನಿ ನದಿಗೆ ಹಿಂದೆ ಫಾಸಿಸ್ ಅಂತ ಹೆಸರಿತ್ತು, ಹಕ್ಕಿಯ ಹೆಸರು ಆ ನದಿಯದು. ಅಯೋವಾಕ್ಕೂ ಅದು ಹೊರಗಿನಿಂದ ಬಂದ ಏಷ್ಯಾದ ಹಕ್ಕಿಯೇ. 1901ರಲ್ಲಿ ಸೀಡರ್ ಫಾಲ್ಸ್ ಊರಿನಲ್ಲಿ ಒಬ್ಬರು ಸಾಕಿದ್ದ ಸುಮಾರು 2,000 ಹಕ್ಕಿಗಳು ಬಿರುಗಾಳಿಗೆ ಪಂಜರ ಮುರಿದು ಹೊರಬಿದ್ದವು. 1925ರಲ್ಲಿ ಮೊದಲ ಸಲ ಬೇಟೆಗೆ ಅವಕಾಶ ಕೊಟ್ಟರು. ಅದೇ ರಸ್ತೆಬದಿ ಎಣಿಕೆಯಲ್ಲಿ ಸಿಗುವ ಬೇರೆ ಹಕ್ಕಿಗಳಿಗೆ ಹೆಸರು ಹೇಳಲು ಕಷ್ಟವಿಲ್ಲ, ಗೌಜಲಕ್ಕಿ ಮತ್ತು ಬುರ್ಲಿಯ ನೆಂಟರು ಅಂದರೆ ಸಾಕು.

‘ಹೊಲದ ಪರಿಸ್ಥಿತಿ’ ಅನ್ನುವುದು ಪತ್ರಿಕೆಯ ಮಾತು. ‘ಹದ’ ಅಂದರೆ ಬಿತ್ತನೆಯ ನೆನಪಾಗುತ್ತದೆ. ‘ಹೊಲ ಹೇಗಿದೆ’ ಅಂತಲೇ ಶೀರ್ಷಿಕೆ ಕೊಟ್ಟಿದ್ದೇನೆ. ಅದರೊಳಗೆ ಹೇಳಬೇಕಾದದ್ದು ಬಹಳ. ಚಳಿಗಾಲದ ಒಟ್ಟು ಹಿಮ 31 ಇಂಚು ದಾಟದೆ, ಏಪ್ರಿಲ್-ಮೇ ಮಳೆ 8 ಇಂಚು ದಾಟದೆ ಇದ್ದರೆ ಅಯೋವಾದಲ್ಲಿ ಸಾಮಾನ್ಯವಾಗಿ ಹಕ್ಕಿ ಹೆಚ್ಚುತ್ತವೆ. ಹಿಮ ಜಾಸ್ತಿಯಾದರೆ ಹುಲ್ಲೆಲ್ಲ ಮುಚ್ಚಿಹೋಗುತ್ತದೆ. ಆಗ ಹಕ್ಕಿಗೆ ಜೊಂಡು ಬೆಳೆದ ಜೌಗು ನೆಲವೇ ಗತಿ. ವಸಂತದಲ್ಲಿ ಮಳೆ ಹೆಚ್ಚಾದರೆ ಗೂಡುಗಳು ನೀರುಪಾಲು, ಎಳೆ ಮರಿಗಳು ಚಳಿಗೆ ಸಾಯುತ್ತವೆ. ಅಕ್ಟೋಬರಿನಲ್ಲಿ ಮೆಕ್ಕೆಜೋಳ ಇನ್ನೂ ಕೊಯ್ಲಾಗದೆ ಇದ್ದರೆ ಹಕ್ಕಿ ಅದರೊಳಗೇ ಉಳಿಯುತ್ತವೆ. ಕೊಯ್ಲು ಮುಗಿದು ಬರೀ ಕೂಳೆ ಉಳಿದ ಮೇಲೆ ಹುಲ್ಲಿಗೆ ಬರುತ್ತವೆ. ಹಾಗಾಗಿ ಬೇಟೆ ಶುರುವಾದ ಶನಿವಾರ ಬರಿಗೈಯಲ್ಲಿ ಬಂದವರು ನವೆಂಬರಿನಲ್ಲಿ ಅದೇ ಜಾಗದಲ್ಲಿ ಹಕ್ಕಿ ಕಾಣುತ್ತಾರೆ.

ಹಕ್ಕಿ ಗೂಡು ಕಟ್ಟಲು, ಅಡಗಲು, ಚಳಿ ತಡೆಯಲು ಬೇಕಾದ ಈ ಗಿಡಹುಲ್ಲಿಗೆ ‘ಮರೆ’ ಅಂತ ಬಳಸಿದ್ದೇನೆ. ‘ಗೂಡಿಗೆ ಮರೆ’ ಸರಿ ಕೇಳುತ್ತದೆ. ‘ಚಳಿಗೆ ಮರೆ’ಗಿಂತ ‘ಆಸರೆ’ ಮೇಲು ಅನಿಸುತ್ತದೆ. ಅಮೆರಿಕದ 1985ರ ಕೃಷಿ ಕಾಯ್ದೆಯಿಂದ ಬಂದ ಯೋಜನೆಯೊಂದರಲ್ಲಿ ಸರ್ಕಾರ ರೈತರಿಗೆ ವರ್ಷಕ್ಕಿಷ್ಟು ಅಂತ ಬಾಡಿಗೆ ಕೊಟ್ಟು 10ರಿಂದ 15 ವರ್ಷ ನೆಲಕ್ಕೆ ಹುಲ್ಲು ಹಾಕಿಸುತ್ತದೆ. ಅಯೋವಾದ ಫೆಸೆಂಟ್ ಉಳಿದಿರುವುದರಲ್ಲಿ ಅಂಥ ಹುಲ್ಲಿನ ಪಾಲು ದೊಡ್ಡದು. ಅದನ್ನು ‘ಬೀಳು’ ಅನ್ನಲು ನನಗೆ ಇಷ್ಟವಿಲ್ಲ. ಬೀಳು ಅಂದರೆ ಕೈಬಿಟ್ಟ ನೆಲ, ಇದು ಬೇಕೆಂದೇ ಕಾಪಾಡಿದ್ದು. ನಮ್ಮ ಅಮೃತಮಹಲ್ ಕಾವಲುಗಳ ‘ಕಾವಲು’ ಹತ್ತಿರ ಬರುತ್ತದೆ, ಆದರೆ ಅದು ದನಕ್ಕೆ ಮೀಸಲಾದದ್ದು, ಸರ್ಕಾರದ್ದು. ‘ಹುಲ್ಲು ಬಿಟ್ಟ ಹೊಲ’ ಅಂದರೆ ಅರ್ಥವಾಗುತ್ತದಾ?

ಕೊನೆಗೆ ಬೇಟೆಯ ಮಾತುಗಳು. ಹೊಡೆಯುವಂತಿರುವುದು ಹುಂಜ ಮಾತ್ರ, ದಿನಕ್ಕೆ ಮೂರು. ಬೆಳಿಗ್ಗೆ 8ರಿಂದ ಸಂಜೆ 4:30ರವರೆಗೆ. ಒಂದು ಹುಂಜ ಹಲವು ಹೇಂಟೆಗಳ ಜೊತೆ ಕೂಡುವುದರಿಂದ, ಹುಂಜ ಕೆಲವು ಹೋದರೂ ಮುಂದಿನ ವರ್ಷದ ಮರಿಗೆ ತೊಂದರೆಯಿಲ್ಲ ಅನ್ನುವ ಲೆಕ್ಕ. ಕೊರಳಲ್ಲಿ ಬಿಳಿ ಪಟ್ಟಿ, ಕಣ್ಣಿನ ಸುತ್ತ ಕೆಂಪು, ಉದ್ದ ಬಾಲ ಇರುವುದರಿಂದ ಹಾರುವಾಗಲೂ ಗುರುತು ಸಿಗುತ್ತದೆ. ಕಾಲಿನ ಹಿಂದಿನ ಮುಳ್ಳು ಮೊಂಡಾಗಿ ಗಿಡ್ಡವಿದ್ದರೆ ಆ ವರ್ಷದ್ದು, ಉದ್ದವಾಗಿ ಚೂಪಾಗಿದ್ದರೆ ಹಳೆಯದು. ಈ ಮುಳ್ಳಿಗೆ ಕೋಳಿ ಅಂಕದವರ ಬಾಯಲ್ಲಿ ಬೇರೆ ಹೆಸರಿದೆಯಾ?

ಹೊಲದ ಒಂದು ತುದಿಯಿಂದ ಸಾಲಾಗಿ ನಡೆಯುತ್ತಾ ಹಕ್ಕಿ ಎಬ್ಬಿಸುವವರು ಕೆಲವರು. ಇನ್ನೊಂದು ತುದಿಯಲ್ಲಿ ಕೋವಿ ಹಿಡಿದು ಕಾಯುವವರು ಕೆಲವರು. ಮಲೆನಾಡಿನ ಹಳೆಯ ಬೇಟೆಯಲ್ಲಿ ಹಳು ನುಗ್ಗಿ ಸೋಹುವವರು, ಬಿಲ್ಲಿಗೆ ನಿಲ್ಲುವವರು ಅಂತ ಇದ್ದ ಹಾಗೆಯೇ. ‘ಸೋಹು’ ಅನ್ನುವುದನ್ನು ಹಕ್ಕಿಗೂ ಹೇಳುತ್ತಿದ್ದರಾ, ಹಂದಿ, ಮಿಕ ಇವುಗಳಿಗೆ ಮಾತ್ರವಾ? ಬಯಲು ಹೊಲದ ತುದಿಯಲ್ಲಿ ಕಾದು ನಿಂತವನನ್ನು ‘ಬಿಲ್ಲಿಗೆ ನಿಂತವನು’ ಅಂದರೆ ಮಲೆನಾಡಿನವರ ಕಿವಿಗೆ ಸರಿಬರುತ್ತದಾ? ತೀರ್ಥಹಳ್ಳಿ, ಕೊಪ್ಪ, ಸಕಲೇಶಪುರ, ಕೊಡಗು ಕಡೆಯವರು ಇದ್ದರೆ ನಿಮ್ಮ ಮನೆಯ ಹಿರಿಯರನ್ನು ಕೇಳಿ ಬರೆಯಿರಿ.