ಅಪ್‌ಡೇಟ್: ಒಂಬತ್ತನೇ ತರಗತಿಯವರ ಜರ್ಮನಿ ಎಕ್ಸ್‌ಚೇಂಜ್, ವೀಸಾ ಕಾಗದಪತ್ರ

ಬೆಂಗಳೂರಿನಿಂದ ಜರ್ಮನಿಗೆ ಎಕ್ಸ್‌ಚೇಂಜ್‌ಗೆ (ವಿದ್ಯಾರ್ಥಿ ವಿನಿಮಯಕ್ಕೆ) ಹೋಗುವ ಒಂಬತ್ತನೇ ತರಗತಿ ಮಕ್ಕಳ ಷೆಂಗೆನ್ ವೀಸಾಗೆ (ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ) ಏನೇನು ಬೇಕು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ, ಎಲ್ಲ ಮಕ್ಕಳಿಗೂ ವೀಸಾ ಬಂತು.

ಅತಿ ಹೆಚ್ಚು ತೊಡಕು ಇನಿಷಿಯಲ್‌ನದ್ದೇ. ಶಾಲೆಯ ದಾಖಲೆಯಲ್ಲಿ ಬರೀ 'ಕೆ. ಎಸ್.' ಅಂತಿರುತ್ತೆ, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದಿರುತ್ತೆ. ಶಾಲೆಯ ಪತ್ರ, ಆಹ್ವಾನ ಪತ್ರ, ವಿಮೆ, ಟಿಕೆಟ್ ನಾಲ್ಕರಲ್ಲೂ ಪಾಸ್‌ಪೋರ್ಟಿನಲ್ಲಿರುವ ಹೆಸರೇ ಅಕ್ಷರಕ್ಕೆ ಅಕ್ಷರ ಬರಬೇಕು. ಹಾಗಾಗಿ ಟಿಕೆಟ್‌ಗೆ ಮೊದಲೇ ಎಲ್ಲರ ಪಾಸ್‌ಪೋರ್ಟ್ ಪ್ರತಿ ತರಿಸಿಕೊಳ್ಳಿ. ಅವಧಿಯನ್ನೂ ಆಗಲೇ ನೋಡಿ: ಅಲ್ಲಿಂದ ಹೊರಡುವ ದಿನದ ನಂತರ ಕನಿಷ್ಠ 3 ತಿಂಗಳು ಉಳಿದಿರಬೇಕು, 2 ಪುಟ ಖಾಲಿ ಇರಬೇಕು. ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೇ ಮುಗಿಯುತ್ತೆ, ಎಡವುವುದು ಇಲ್ಲೇ.

ಒಪ್ಪಿಗೆ ಪತ್ರಕ್ಕೆ ಅಪ್ಪ, ಅಮ್ಮ ಇಬ್ಬರೂ ಸಹಿ ಹಾಕಬೇಕು. ಒಬ್ಬರು ಪರವೂರಿನಲ್ಲಿದ್ದರೆ ಮುಂಚೆಯೇ ತಿಳಿಸಿಡಿ. ವಿಮೆ ಕನಿಷ್ಠ 30,000 ಯೂರೋಗೆ ಇರಲಿ. ಅರ್ಜಿಯನ್ನು 6 ತಿಂಗಳು ಮೊದಲೇ ಹಾಕಬಹುದು, ಕೊನೆಯ ಗಳಿಗೆಗೆ ಬಿಡಬೇಡಿ. 12 ತುಂಬಿದವರು ಬೆರಳಚ್ಚು ಕೊಡಬೇಕು. ಆ ವಾರ ಬೆರಳಿಗೆ ಮೆಹಂದಿ ಬೇಡವೇ ಬೇಡ.

ಆತಿಥೇಯ ಮನೆಗೆ ತುಪ್ಪ ಕಳಿಸಬೇಡಿ, ಹಾಲಿನ ಪದಾರ್ಥಗಳನ್ನು ಆ ದೇಶದೊಳಗೆ ಬಿಡುವುದಿಲ್ಲ. ಚನ್ನಪಟ್ಟಣದ ಗೊಂಬೆ ಒಳ್ಳೆಯ ಉಡುಗೊರೆ.