ಹಿಮದ ಅಂಚಿನ ಗೆರೆ ಸಮುದ್ರಕ್ಕೆ ಓಡಿದೆ, ಯಾರಾದರೂ ಹೇಳಿ

ಹಾಸನದ ವಿದ್ಯಾರ್ಥಿನಿ: ಯುರೋಪಿನ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರಗಳಲ್ಲಿ ಅಂಟಾರ್ಕ್ಟಿಕಾದ ಸಮುದ್ರ ಹಿಮದ ಅಂಚು ಗುರುತಿಸುವುದು ನನ್ನ ಪ್ರಾಜೆಕ್ಟ್. ಬೆಳ್ಳಗಿದ್ದರೆ ಹಿಮ, ಕಪ್ಪಗಿದ್ದರೆ ನೀರು ಅಂತ ಪ್ರೋಗ್ರಾಮ್ ಬರೆದೆ. ನಿನ್ನೆ ರಾತ್ರಿ ನೋಡಿದರೆ ಬರೀ ನೀರಿರುವ ಜಾಗವೂ ಬೆಳ್ಳಗೆ! ಎರಡು ವಾರದ ಕೆಲಸ, ತುಂಬಾ ಬೇಜಾರಾಗಿದೆ. ಮಾಮೂಲಿ ಫೋಟೋ ಬಳಸಲೇ?

ಚಿಕ್ಕಮಗಳೂರಿನಿಂದ: ಬೇಡಮ್ಮಾ. ಜುಲೈನಲ್ಲಿ ಮುಳ್ಳಯ್ಯನಗಿರಿ ಮೇಲೆ ಪಕ್ಕದವರ ಕೊಡೆಯೂ ಕಾಣಲ್ಲ, ಅಲ್ವಾ? ಅಂಟಾರ್ಕ್ಟಿಕಾದಲ್ಲೂ ಮೋಡ ಜಾಸ್ತಿ, ಚಳಿಗಾಲದಲ್ಲಿ ಕತ್ತಲೆ ಬೇರೆ. ರೇಡಾರ್‌ಗೆ ಎರಡೂ ಅಡ್ಡಿಯಲ್ಲ. ನಿನ್ನ ದಾರಿ ತಪ್ಪಿಸಿದ್ದು ಗಾಳಿ. ಹೇಮಾವತಿ ಹಿನ್ನೀರಿನಲ್ಲಿ ಗಾಳಿ ಬೀಸಿದಾಗ ಏಳುವ ಸಣ್ಣ ಸಣ್ಣ ತೆರೆ ನೋಡಿರ್ತೀಯ. ಅಂಥ ಒರಟು ನೀರು ರೇಡಾರ್ ಅಲೆಯನ್ನು ವಾಪಸ್ ಎಸೆಯುತ್ತದೆ, ಹಿಮದ ಹಾಗೇ ಹೊಳೆಯುತ್ತದೆ. ಎಚ್‌ಎಚ್ ಚಿತ್ರದ (ಅಡ್ಡ ಅಲೆ ಕಳಿಸಿ ಅಡ್ಡ ಅಲೆಯನ್ನೇ ಹಿಡಿದದ್ದು) ಜೊತೆ ಎಚ್‌ವಿ ಚಿತ್ರವನ್ನೂ (ಅಡ್ಡ ಅಲೆ ಕಳಿಸಿ ಲಂಬ ಅಲೆ ಹಿಡಿದದ್ದು) ಸೇರಿಸು. ಅದರಲ್ಲಿ ಗಾಳಿಯ ಗಲಾಟೆ ಕಡಿಮೆ.

ಸಕಲೇಶಪುರದಿಂದ: ಅಂಚು ಅಂದರೆ ಯಾವುದು ಅಂತಲೂ ಮೊದಲೇ ತೀರ್ಮಾನಿಸಿ. ಹಿಮ, ನೀರು ತಾವೇ ಸೂಸುವ ಮೈಕ್ರೋವೇವ್ ಅಲೆಯನ್ನು ಉಪಗ್ರಹದಿಂದ ಅಳೆದು ಮಾಡಿದ ನಕ್ಷೆಗಳಲ್ಲಿ ಸಾಮಾನ್ಯವಾಗಿ ಸಮುದ್ರದ ಮೇಲ್ಮೈಯ ಶೇ. 15 ಭಾಗ ಹಿಮ ಇರುವಲ್ಲಿ ಗೆರೆ ಎಳೆಯುತ್ತಾರೆ. ಅದರ ಜೊತೆ ಹೋಲಿಸಿ ನೋಡಿ. ಆದರೆ ಆ ನಕ್ಷೆಯ ಒಂದೊಂದು ಚೌಕ ಹಲವು ಕಿಲೋಮೀಟರ್ ಅಗಲ, ಪೂರ್ತಿ ಹೊಂದಲ್ಲ.

ಹಾಸನದ ವಿದ್ಯಾರ್ಥಿನಿ: ಎಚ್‌ವಿ ಸೇರಿಸಿದೆ ಸಾರ್! ಬೆಳ್ಳಗಿದ್ದ ನೀರು ಕಪ್ಪಾಯಿತು. ತೆಳು ಹೊಸ ಹಿಮವೂ ಕಪ್ಪಾಗಿದೆ. ಈಗ ಅದರ ಹಿಂದೆ ಬಿದ್ದಿದ್ದೇನೆ.