ಬಯೋಮೆಡಿಕಲ್‌ನಿಂದ ನರ್ಸಿಂಗ್‌ಗೆ ಹೋಗಬೇಕು ಅಂತಿರುವ ಮಗಳಿಗೆ

ಅಕ್ಕಾ, ನಿಮ್ಮ ಪ್ರಶ್ನೆ ಓದಿದೆ. ಮಗಳು ಬಯೋಮೆಡಿಕಲ್ ಸೈನ್ಸ್ ಎರಡನೇ ವರ್ಷದಲ್ಲಿದ್ದಾಳೆ, ನರ್ಸಿಂಗ್‌ಗೆ ಬದಲಾಯಿಸ್ತೀನಿ ಅಂತಿದ್ದಾಳೆ, ನೇರವಾಗಿ ಎರಡನೇ ವರ್ಷಕ್ಕೇ ಸೇರಿಸಿಕೊಳ್ತಾರಾ ಅಂತ ಕೇಳಿದ್ದೀರಿ. ಅದಕ್ಕೆ ನಮ್ಮ ಗುಂಪಿನಲ್ಲಿ ಬಂದ ಉತ್ತರಗಳನ್ನೂ ಓದಿದೆ. "ಇಷ್ಟು ಓದಿ ನರ್ಸಿಂಗಾ?" ಅನ್ನುವ ಧಾಟಿಯೇ ಜಾಸ್ತಿ ಇದೆ. ಅದು ನನಗೆ ಬೇಜಾರಾಯಿತು. ನಾನು ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ವಾರ್ಡ್ ನರ್ಸ್. ನಮ್ಮಲ್ಲಿಗೆ ಪ್ಲೇಸ್‌ಮೆಂಟ್‌ಗೆ, ಅಂದರೆ ವಾರ್ಡಿನಲ್ಲಿ ಕೆಲಸ ಮಾಡುತ್ತಾ ಕಲಿಯಲು, ಬರುವ ವಿದ್ಯಾರ್ಥಿಗಳ ಕೆಲಸ ನೋಡಿ ಪಾಸ್ ಫೇಲ್ ಹೇಳುವ ಪ್ರ್ಯಾಕ್ಟೀಸ್ ಅಸೆಸರ್ ಕೂಡ ಆಗಿದ್ದೇನೆ. ಹಾಗಾಗಿ ನನಗೆ ಗೊತ್ತಿರುವಷ್ಟನ್ನು ಬರೆಯುತ್ತೇನೆ. ಇದು ಇಂಗ್ಲೆಂಡಿನ ವಿಷಯ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಹಣದ ವ್ಯವಸ್ಥೆಯೇ ಬೇರೆ.

ಮೊದಲು ನೀವು ಕೇಳಿದ್ದಕ್ಕೆ ಉತ್ತರ. ಎರಡನೇ ವರ್ಷಕ್ಕೆ ನೇರ ಪ್ರವೇಶ ಸಿಗುವುದು ಕಷ್ಟ. ಅವಳ ಅಂಕ ಕಡಿಮೆ ಅಂತಲ್ಲ. ಇಲ್ಲಿ ನರ್ಸಿಂಗ್ ಡಿಗ್ರಿ ಬರೀ ಓದಲ್ಲ, ಗಂಟೆಗಳ ಲೆಕ್ಕವೂ ಹೌದು. ನರ್ಸ್‌ಗಳ ರಿಜಿಸ್ಟರ್ ನೋಡಿಕೊಳ್ಳುವ ಎನ್‌ಎಂಸಿ ನಿಯಮದ ಪ್ರಕಾರ ಒಟ್ಟು 4,600 ಗಂಟೆ ಆಗಬೇಕು. ಅದರಲ್ಲಿ ಅರ್ಧ, ಅಂದರೆ 2,300 ಗಂಟೆ, ಪ್ರ್ಯಾಕ್ಟೀಸ್. ಹಿಂದೆ ಕಲಿತದ್ದನ್ನು ಕೋರ್ಸಿನ ಅರ್ಧದವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳಲು ಅವಕಾಶ ಇದೆ. ಆದರೆ ಓದು, ಪ್ರ್ಯಾಕ್ಟೀಸ್ ಎರಡೂ ಸರಿಹೊಂದಬೇಕು. ಬಯೋಮೆಡಿಕಲ್ ವಿದ್ಯಾರ್ಥಿಗೆ ಅನಾಟಮಿ, ಫಿಸಿಯಾಲಜಿ ಗೊತ್ತಿರುತ್ತದೆ. ರೋಗಿಯ ಹಾಸಿಗೆ ಪಕ್ಕ ನಿಂತ ಗಂಟೆಗಳು ಇರುವುದಿಲ್ಲ. ಅದಕ್ಕೇ ಹೆಚ್ಚಿನವರು ಮೊದಲನೇ ವರ್ಷದಿಂದಲೇ ಶುರು ಮಾಡುತ್ತಾರೆ.

ಈಗಾಗಲೇ ನರ್ಸಿಂಗ್ ಓದುತ್ತಿದ್ದು ಯೂನಿವರ್ಸಿಟಿ ಮಾತ್ರ ಬದಲಾಯಿಸುವವರ ಕಥೆ ಬೇರೆ. ಅವರು ಇಲ್ಲಿಯವರೆಗಿನ ಮಾರ್ಕ್ಸ್, ಸಹಿಯಾದ ಪ್ಲೇಸ್‌ಮೆಂಟ್ ಗಂಟೆಗಳ ದಾಖಲೆ, ಈಗಿನ ಕೋರ್ಸಿನವರ ಪತ್ರ ತೋರಿಸಬೇಕು. ಹೋಗುವ ಕಡೆ ಅದೇ ಫೀಲ್ಡಿನಲ್ಲಿ ಜಾಗವೂ ಇರಬೇಕು. ಅಡಲ್ಟ್, ಚಿಲ್ಡ್ರನ್, ಮೆಂಟಲ್ ಹೆಲ್ತ್, ಲರ್ನಿಂಗ್ ಡಿಸೆಬಿಲಿಟಿ ಅಂತ ನಾಲ್ಕು ಫೀಲ್ಡ್‌ಗಳಿವೆ. ಯಾವುದು ಅಂತ ಅರ್ಜಿ ಹಾಕುವಾಗಲೇ ಹೇಳಬೇಕು. ನಿಮ್ಮ ಮಗಳೂ ಇದನ್ನು ಈಗಲೇ ಯೋಚಿಸಲಿ.

ಇನ್ನು ನಾನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಹೇಳಿಬಿಡುತ್ತೇನೆ. ಅವಳು ಪಾಸಾಗುತ್ತಿದ್ದರೆ, ಮನಸ್ಸು ತೀರಾ ಕುಗ್ಗಿಲ್ಲದಿದ್ದರೆ, ಬಯೋಮೆಡಿಕಲ್ ಡಿಗ್ರಿ ಮುಗಿಸಲಿ. ಆಮೇಲೆ ಎರಡು ವರ್ಷದ ಎಂಎಸ್ಸಿ ನರ್ಸಿಂಗ್ ಮಾಡಬಹುದು. ಅದು ಡಿಗ್ರಿ ಆದವರಿಗೆ ಅಂತಲೇ ಇರುವ, ರಿಜಿಸ್ಟ್ರೇಷನ್ ಕೊಡುವ ಕೋರ್ಸ್. ಲೆಕ್ಕ ಹಾಕಿ ನೋಡಿ. ಈಗ ಬಿಟ್ಟು ಮೊದಲನೇ ವರ್ಷಕ್ಕೆ ಸೇರಿದರೆ ಮುಂದೆ ಮೂರು ವರ್ಷ. ಇನ್ನೊಂದು ವರ್ಷ ಓದಿ ಡಿಗ್ರಿ ತೆಗೆದುಕೊಂಡು ಎಂಎಸ್ಸಿ ಮಾಡಿದರೂ ಮೂರೇ ವರ್ಷ, ಕೈಯಲ್ಲಿ ಎರಡು ಡಿಗ್ರಿ. ಅಂಥ ಕೋರ್ಸ್‌ಗಳು ಸಾಮಾನ್ಯವಾಗಿ ಕೇರ್ ಕೆಲಸದ ಅನುಭವ ಕೇಳುತ್ತವೆ. ವಾರಾಂತ್ಯದಲ್ಲಿ ಕೇರ್ ಹೋಮ್‌ನಲ್ಲೋ ಆಸ್ಪತ್ರೆಯಲ್ಲೋ ಹೆಲ್ತ್‌ಕೇರ್ ಅಸಿಸ್ಟೆಂಟ್ ಆಗಿ ಕೆಲಸ ಮಾಡಿದರೆ ಅದೂ ಆಗುತ್ತದೆ. ನರ್ಸಿಂಗ್ ನಿಜವಾಗಲೂ ತನಗೆ ಹೊಂದುತ್ತದಾ ಅನ್ನುವುದೂ ಅವಳಿಗೇ ಗೊತ್ತಾಗುತ್ತದೆ. ಆದರೆ ಅವಳು ಕ್ಲಾಸಿಗೇ ಹೋಗುತ್ತಿಲ್ಲ, ರೂಮಿನಿಂದ ಹೊರಗೆ ಬರುತ್ತಿಲ್ಲ ಅನ್ನುವ ಸ್ಥಿತಿ ಇದ್ದರೆ ಈ ಲೆಕ್ಕವನ್ನೆಲ್ಲ ಪಕ್ಕಕ್ಕಿಡಿ. ಓದಿಗೆ ಸ್ವಲ್ಪ ಕಾಲ ವಿರಾಮ ಕೊಡುವ ವ್ಯವಸ್ಥೆಯೂ ಯೂನಿವರ್ಸಿಟಿಗಳಲ್ಲಿ ಇದೆ. ಅದನ್ನು ಮೊದಲು ಕೇಳಲಿ.

ಬಿಡುವುದೇ ಅಂತಾದರೆ ತಾರೀಖು ನೋಡಿ. ಸರ್ಕಾರಿ ಸಾಲ ಕೊಡುವ ಸ್ಟೂಡೆಂಟ್ ಫೈನಾನ್ಸ್ ಟ್ಯೂಷನ್ ಫೀಯನ್ನು ಮೂರು ಕಂತಿನಲ್ಲಿ ಕಟ್ಟುತ್ತದೆ. ಮೊದಲ ಟರ್ಮ್‌ಗೆ ಶೇ. 25, ಎರಡನೆಯದಕ್ಕೆ 25, ಮೂರನೆಯದಕ್ಕೆ 50. ಮೂರನೇ ಟರ್ಮ್ ಶುರುವಾದ ಮೇಲೆ ಬಿಟ್ಟರೆ ಇಡೀ ವರ್ಷದ ಸಾಲ ಅವಳ ಹೆಸರಿಗೆ ಬೀಳಬಹುದು. ಹೊಸ ಕಡೆಯ ಸೀಟು ಕೈಗೆ ಬರುವ ಮುಂಚೆ ಹಳೆಯದನ್ನು ಬಿಡುವ ಆತುರ ಬೇಡ.

ಹಣದ ವಿಷಯದಲ್ಲಿ ನಮ್ಮ ಗುಂಪಿನವರಿಗೆ ಮೊದಲು ಎದುರಾಗುವುದು ಸ್ಟೇಟಸ್ ಪ್ರಶ್ನೆ. ಅಪ್ಪ ಅಮ್ಮ ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದು, ಮಗು ಡಿಪೆಂಡೆಂಟ್ ಆಗಿದ್ದರೆ ಸಾಮಾನ್ಯವಾಗಿ ಹೊರದೇಶದವರಿಗಿರುವ ಹೆಚ್ಚಿನ ಫೀ (ಓವರ್‌ಸೀಸ್ ಫೀ) ಕಟ್ಟಬೇಕು, ಸರ್ಕಾರಿ ಸಾಲವೂ ಇಲ್ಲ. ಐಎಲ್‌ಆರ್ (ಇಲ್ಲೇ ಕಾಯಂ ಆಗಿ ಇರಲು ಅನುಮತಿ) ಅಥವಾ ಸಿಟಿಜನ್‌ಶಿಪ್ ಇದ್ದರೂ ಕೋರ್ಸ್ ಶುರುವಾಗುವ ಹಿಂದಿನ ಮೂರು ವರ್ಷ ಇಲ್ಲೇ ವಾಸ ಇರಬೇಕು. ಬ್ರಿಟಿಷ್ ಪಾಸ್‌ಪೋರ್ಟ್ ಇರುವ ಮಕ್ಕಳನ್ನು ಊರಿನಲ್ಲಿ ಓದಿಸಿ ವಾಪಸ್ ಕರೆತಂದವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಸ್ಟೇಟಸ್ ಸರಿ ಇದ್ದರೆ ನರ್ಸಿಂಗ್‌ಗೆ ಒಳ್ಳೆಯ ಅನುಕೂಲಗಳಿವೆ. ಇಂಗ್ಲೆಂಡಿನಲ್ಲಿ ಒಂದು ಡಿಗ್ರಿ ಆದವರಿಗೆ ಎರಡನೆಯದಕ್ಕೆ ಸಾಮಾನ್ಯವಾಗಿ ಸಾಲ ಸಿಗುವುದಿಲ್ಲ, ನರ್ಸಿಂಗ್‌ಗೆ ಆ ತಡೆ ಇಲ್ಲ. ನಾನು ಹೇಳಿದ ಎಂಎಸ್ಸಿಗೂ ಸಾಲ ಸಿಗುತ್ತದೆ. ಅದರ ಮೇಲೆ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಲರ್ನಿಂಗ್ ಸಪೋರ್ಟ್ ಫಂಡ್‌ನಿಂದ ವರ್ಷಕ್ಕೆ 5,000 ಪೌಂಡ್ ಗ್ರಾಂಟ್ ಇದೆ. ಅದನ್ನು ವಾಪಸ್ ಕೊಡಬೇಕಿಲ್ಲ. ಮೆಂಟಲ್ ಹೆಲ್ತ್, ಲರ್ನಿಂಗ್ ಡಿಸೆಬಿಲಿಟಿ ಫೀಲ್ಡ್ ಆರಿಸಿಕೊಂಡರೆ ಇನ್ನೊಂದು 1,000. ಚಿಕ್ಕ ಮಕ್ಕಳಿರುವ ವಿದ್ಯಾರ್ಥಿಗಳಿಗೆ 2,000. ಗುಂಪಿನಲ್ಲಿ ಮಕ್ಕಳನ್ನು ಸ್ಕೂಲಿಗೆ ಕಳಿಸಿ ತಾವೇ ನರ್ಸಿಂಗ್ ಓದಬೇಕು ಅಂತಿರುವ ತಾಯಂದಿರು ಇದನ್ನು ಗಮನಿಸಿ. ಪ್ಲೇಸ್‌ಮೆಂಟ್‌ಗೆ ಆಗುವ ಹೆಚ್ಚುವರಿ ಓಡಾಟದ ಖರ್ಚನ್ನೂ ಕ್ಲೇಮ್ ಮಾಡಬಹುದು, ಟಿಕೆಟ್ ರಸೀದಿ ಎತ್ತಿಡಬೇಕು. ಈ ಫಂಡ್‌ಗೆ ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು.

ಸೀಟು ಸಿಗಲು ಏನು ಬೇಕು ಅನ್ನುವುದು ಯೂನಿವರ್ಸಿಟಿಗಳ ಪುಟದಲ್ಲೇ ಇರುತ್ತದೆ. ಡಿಬಿಎಸ್ ಚೆಕ್ (ಅಪರಾಧ ಹಿನ್ನೆಲೆ ಪರಿಶೀಲನೆ), ಆಕ್ಯುಪೇಷನಲ್ ಹೆಲ್ತ್ (ಕೆಲಸಕ್ಕೆ ಆರೋಗ್ಯ ಸರಿಯಿದೆಯಾ ಅನ್ನುವ ತಪಾಸಣೆ), ಲಸಿಕೆ ದಾಖಲೆಗಳು ಬೇಕೇ ಬೇಕು. ಊರಿನಲ್ಲಿ ಹಾಕಿಸಿದ ಲಸಿಕೆಗಳ ಕಾರ್ಡ್ ಇದ್ದರೆ ಈಗಲೇ ಹುಡುಕಿಡಿ. ಇಂಟರ್‌ವ್ಯೂನಲ್ಲಿ "ಮೆಡಿಸಿನ್ ಸಿಗಲಿಲ್ಲ, ಅದಕ್ಕೆ ಇದು" ಅನ್ನುವ ವಾಸನೆ ಬಂದರೂ ಅವರಿಗೆ ತಿಳಿಯುತ್ತದೆ. ಮನೆಯಲ್ಲಿ ಆ ಮಾತು ನಡೆಯುತ್ತಿದ್ದರೆ ಅವಳ ಬಾಯಲ್ಲೂ ಅದೇ ಬರುತ್ತದೆ ಅಕ್ಕಾ. ದಯವಿಟ್ಟು ನಿಲ್ಲಿಸಿ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ. ಸೀಟು ಸಿಗುವುದಕ್ಕಿಂತ ಉಳಿದುಕೊಳ್ಳುವುದು ಕಷ್ಟ. ಹನ್ನೆರಡು ಗಂಟೆಯ ಶಿಫ್ಟ್, ನೈಟ್, ಶನಿವಾರ, ಭಾನುವಾರ, ನಡುವೆ ಅಸೈನ್‌ಮೆಂಟ್. ಹುಷಾರಿಲ್ಲದೆ ತಪ್ಪಿಸಿಕೊಂಡ ಗಂಟೆಗಳನ್ನು ಆಮೇಲೆ ತುಂಬಿಕೊಡಬೇಕು. ಔಷಧಿ ಲೆಕ್ಕದ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬರಲೇಬೇಕು, 98 ಬಂದರೂ ಪಾಸಲ್ಲ. ಸಾವನ್ನು ಮೊದಲ ಸಲ ಹತ್ತಿರದಿಂದ ನೋಡುವುದೂ ಇಲ್ಲೇ. ಇಷ್ಟೆಲ್ಲದರ ನಡುವೆ ಸಹಾಯ ಕೇಳಿದವರು ನಿಲ್ಲುತ್ತಾರೆ. ನಮ್ಮ ಮನೆಯ ಮಕ್ಕಳು ಕೇಳುವುದೇ ಇಲ್ಲ. "ಅಡ್ಜಸ್ಟ್ ಮಾಡ್ಕೋ" ಅಂತ ಹೇಳಿ ಬೆಳೆಸಿದ್ದೇವಲ್ವಾ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ವಾರ್ಡಿಗೆ ಡಿಸ್ಲೆಕ್ಸಿಯಾ (ಓದುಬರಹದಲ್ಲಿ ಅಕ್ಷರ ಗುರುತಿಸಲು ಕಷ್ಟವಾಗುವ ಸಮಸ್ಯೆ) ಇರುವ ಒಬ್ಬ ವಿದ್ಯಾರ್ಥಿನಿ ಬಂದಿದ್ದಳು. ಬರುವ ಮುಂಚೆಯೇ ಯೂನಿವರ್ಸಿಟಿಯ ಡಿಸೆಬಿಲಿಟಿ ಸರ್ವಿಸ್‌ನಲ್ಲಿ ಹೆಸರು ಕೊಟ್ಟು, ಏನು ಬೇಕು ಅಂತ ಬರೆಸಿಕೊಂಡಿದ್ದಳು. ಬೆಳಗಿನ ಹ್ಯಾಂಡೋವರ್‌ನಲ್ಲಿ, ಅಂದರೆ ಒಂದು ಶಿಫ್ಟಿನವರು ಮುಂದಿನವರಿಗೆ ವಿವರ ಒಪ್ಪಿಸುವಾಗ, ಒಬ್ಬೊಬ್ಬ ರೋಗಿಯ ವಿಷಯವೂ ಸರಸರ ಓಡುತ್ತದೆ. ನಾವು ಮಾಡಿದ್ದು ಇಷ್ಟೇ. ಅವಳ ಹ್ಯಾಂಡೋವರ್ ಶೀಟನ್ನು ತಿಳಿ ಹಳದಿ ಕಾಗದದ ಮೇಲೆ, ಸ್ವಲ್ಪ ದಪ್ಪ ಅಕ್ಷರದಲ್ಲಿ ಪ್ರಿಂಟ್ ಮಾಡಿ ಹತ್ತು ನಿಮಿಷ ಮೊದಲೇ ಕೈಗೆ ಕೊಟ್ಟೆವು. ಅವಳ ಜೇಬಿನಲ್ಲಿ ಪುಟ್ಟ ಪುಸ್ತಕ ಒಂದಿತ್ತು. ಬೈಸೊಪ್ರೊಲಾಲ್, ಫ್ಯೂರೊಸೆಮೈಡ್, ಹೀಗೆ ವಾರ್ಡಿನಲ್ಲಿ ದಿನಾ ಕೊಡುವ ಔಷಧಿಗಳ ಹೆಸರು ಅಕ್ಷರ ಬಿಡಿಸಿ ಬರೆದುಕೊಂಡಿದ್ದಳು. ಡ್ರಗ್ ರೌಂಡ್‌ನಲ್ಲಿ ಪ್ರತಿ ಸಲ ತೆಗೆದು ಹೋಲಿಸಿ ನೋಡುತ್ತಿದ್ದಳು. ಅಷ್ಟು ಎಚ್ಚರಿಕೆಯಿಂದ ಔಷಧಿ ನೋಡುವ ವಿದ್ಯಾರ್ಥಿಗಳು ಕಡಿಮೆ. ಅವಳ ಕೊನೆಯ ಅಸೆಸ್‌ಮೆಂಟ್‌ಗೆ ಸಂತೋಷದಿಂದ ಸಹಿ ಹಾಕಿದೆ.

ಹೇಳಿಕೊಂಡರೆ ರಿಜಿಸ್ಟ್ರೇಷನ್ ಸಿಗುವುದಿಲ್ಲ ಅನ್ನುವ ಭಯ ನಮ್ಮವರಲ್ಲಿ ಬಹಳ ಇದೆ. ಅದು ನಿಜವಲ್ಲ. ಕಾಯಿಲೆಯೋ ಡಿಸೆಬಿಲಿಟಿಯೋ ಇದ್ದರೂ ಬೇಕಾದ ಹೊಂದಾಣಿಕೆಗಳೊಂದಿಗೆ ಸುರಕ್ಷಿತವಾಗಿ ಕೆಲಸ ಮಾಡಬಲ್ಲವರನ್ನು ಎನ್‌ಎಂಸಿ ತಡೆಯುವುದಿಲ್ಲ. 2010ರ ಈಕ್ವಾಲಿಟಿ ಆಕ್ಟ್ ಪ್ರಕಾರ ಆ ಹೊಂದಾಣಿಕೆ ಮಾಡಿಕೊಡುವುದು ಯೂನಿವರ್ಸಿಟಿಯ ಕರ್ತವ್ಯ. ಆತಂಕ, ಖಿನ್ನತೆ, ಎಡಿಎಚ್‌ಡಿ (ಗಮನ ನಿಲ್ಲಿಸಲು ಕಷ್ಟವಾಗುವ ಸಮಸ್ಯೆ) ಇವಕ್ಕೂ ಇದು ಅನ್ವಯಿಸಬಹುದು. ಅದಕ್ಕೆ ತಗಲುವ ಖರ್ಚಿಗೆ ಡಿಸೇಬಲ್ಡ್ ಸ್ಟೂಡೆಂಟ್ಸ್ ಅಲೋಯನ್ಸ್ ಇದೆ. ಅದೂ ಸಾಲವಲ್ಲ.

ಯಾರನ್ನು ಕೇಳಬೇಕು ಅನ್ನುವುದು ಹೊಸಬರಿಗೆ ಗೊಂದಲ. ಓದು, ಮನಸ್ಸು, ಮನೆಯ ತೊಂದರೆ ಇದ್ದರೆ ಪರ್ಸನಲ್ ಟ್ಯೂಟರ್. ವಾರ್ಡಿನಲ್ಲಿ ದಿನದ ಕೆಲಸ ಕಲಿಸುವವರು ಪ್ರ್ಯಾಕ್ಟೀಸ್ ಸೂಪರ್‌ವೈಸರ್, ಪಾಸ್ ಫೇಲ್ ನಿರ್ಧಾರ ನನ್ನಂಥ ಅಸೆಸರ್‌ದು. ವಾರ್ಡಿನಲ್ಲೇ ಯಾರಿಂದಾದರೂ ತೊಂದರೆಯಾದರೆ ಆಸ್ಪತ್ರೆಯ ಪ್ರ್ಯಾಕ್ಟೀಸ್ ಎಜುಕೇಷನ್ ತಂಡ ಅಥವಾ ಯೂನಿವರ್ಸಿಟಿಯ ಅಕಡೆಮಿಕ್ ಅಸೆಸರ್ ಹತ್ತಿರ ಹೋಗಬಹುದು. ಪ್ಲೇಸ್‌ಮೆಂಟ್ ಮಧ್ಯದಲ್ಲಿ ಮಿಡ್‌ಪಾಯಿಂಟ್ ಮಾತುಕತೆ ಅಂತ ಇರುತ್ತದೆ. ಹಿಂದೆ ಬಿದ್ದಿದ್ದರೆ ಅಲ್ಲೇ ಹೇಳಿದರೆ ಆ್ಯಕ್ಷನ್ ಪ್ಲಾನ್ ಮಾಡಿ ಸರಿಪಡಿಸಲು ಸಮಯ ಉಳಿದಿರುತ್ತದೆ. ಕೊನೆಯ ವಾರ ಹೇಳಿದರೆ ನಮ್ಮ ಕೈಯಲ್ಲೂ ಜಾಸ್ತಿ ಏನೂ ಇರುವುದಿಲ್ಲ. ಇನ್ನೊಂದು ಮಾತು, ವಿದ್ಯಾರ್ಥಿಗಳನ್ನು ಸಿಬ್ಬಂದಿ ಲೆಕ್ಕಕ್ಕೆ ಸೇರಿಸುವಂತಿಲ್ಲ. ಸುಮ್ನೆ ಕೆಲಸಕ್ಕೆ ಮಾತ್ರ ಬಳಸಿಕೊಳ್ಳುತ್ತಿದ್ದಾರೆ, ಕಲಿಸುತ್ತಿಲ್ಲ ಅನ್ನಿಸಿದರೆ ಅದನ್ನೂ ಹೇಳುವ ಹಕ್ಕು ಅವಳಿಗಿದೆ.

ನೀವು ಯೂನಿವರ್ಸಿಟಿಗೆ ಫೋನ್ ಮಾಡಿ ವಿಚಾರಿಸಲಾ ಅಂತಲೂ ಕೇಳಿದ್ದೀರಿ. ಹದಿನೆಂಟು ದಾಟಿದ ಮಕ್ಕಳ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಅಪ್ಪ ಅಮ್ಮನ ಹತ್ತಿರ ಮಾತಾಡುವುದಿಲ್ಲ. ಅದನ್ನು ಅವಮಾನ ಅಂದುಕೊಳ್ಳಬೇಡಿ. ಮನೆಯಲ್ಲಿ ನೀವು ಮಾಡುವುದು ಬೇಕಾದಷ್ಟಿದೆ. ನೈಟ್ ಶಿಫ್ಟ್ ಮುಗಿಸಿ ಬಂದವಳನ್ನು ಮಧ್ಯಾಹ್ನ ಎಬ್ಬಿಸದೆ ಮಲಗಲು ಬಿಡಿ. ನೆಂಟರ ಮುಂದೆ "ನಮ್ಮ ಮಗಳು ನರ್ಸಿಂಗ್ ಓದ್ತಿದಾಳೆ" ಅಂತ ಗಟ್ಟಿಯಾಗಿ ಹೇಳಿ. ಅದು ಅವಳ ಕಿವಿಗೂ ಬೀಳಲಿ.

ಯೂನಿವರ್ಸಿಟಿ ಸೀಟಿಗೆ ಹಾಕುವ ಯುಕಾಸ್ ಅರ್ಜಿಯ ಪರ್ಸನಲ್ ಸ್ಟೇಟ್‌ಮೆಂಟ್ ನೋಡಿಕೊಡುತ್ತೇನೆ, ಎಂಎಸ್ಸಿ ದಾರಿಯ ಬಗ್ಗೆಯೂ ವಿವರವಾಗಿ ಹೇಳುತ್ತೇನೆ. ಈ ವಾರ ನನಗೆ ನೈಟ್ ಇಲ್ಲ, ಸಂಜೆ ಏಳರ ಮೇಲೆ ಬಿಡುವು. ನಂಬರ್ ನಿಮಗೆ ಮೆಸೇಜ್ ಮಾಡಿದ್ದೇನೆ. ಆದರೆ ಅಕ್ಕಾ, ಫೋನ್ ಅವಳೇ ಮಾಡಲಿ.